ಹತ್ತು ರೂಮು, ಒಂದೇ ರಿಮೋಟು

ಹೆಬ್ಬಗೋಡಿಯ ನಮ್ಮ ಬೀದಿಯಲ್ಲಿ ನಮ್ಮತ್ತೆ ಭದ್ರಮ್ಮನವರಿಗೆ ಓನರಮ್ಮ ಅಂತಲೇ ಹೆಸರು. ನಾನು ಶ್ಯಾಮಲಾ, ಅವರ ಒಬ್ಬಳೇ ಸೊಸೆ. ಸಿಂಗಸಂದ್ರದಿಂದ ಮದುವೆಯಾಗಿ ಈ ಮನೆಗೆ ಬಂದು ಎಂಟು ವರ್ಷವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಇನ್ನೂ ಬಂದಿಲ್ಲ. ಟಿವಿ ರಿಮೋಟು ಈಗಲೂ ಅವರ ಕೈಯಲ್ಲೇ ಇದೆ, ಮಲಗುವಾಗ ದಿಂಬಿನ ಕೆಳಗೆ ಸೇರುತ್ತದೆ.

ಆ ರಿಮೋಟು ನಮ್ಮ ಮನೆಯೊಂದಕ್ಕೇ ಆಗಿದ್ದರೆ ನಾನು ಇಷ್ಟು ಹೇಳುತ್ತಲೇ ಇರಲಿಲ್ಲ. ನಮ್ಮ ಮಾವ ಬೈರಪ್ಪನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹತ್ತು ಬಾಡಿಗೆ ರೂಮುಗಳಿವೆ. ಆ ಕಡೆ ಐದು, ಈ ಕಡೆ ಐದು, ನಡುವೆ ಓಣಿ, ಓಣಿಯ ಕೊನೆಗೆ ನಲ್ಲಿ. ಗೋಡೆ ಇಟ್ಟಿಗೆಯದು, ಮೇಲೆ ಸಿಮೆಂಟ್ ಶೀಟು. ಗೋಡೆಗೂ ಶೀಟಿಗೂ ಮಧ್ಯೆ ಗಾಳಿಗೆಂದು ಒಂದು ಗೇಣು ಸಂದು ಬಿಟ್ಟಿದ್ದಾರೆ. ಅದರಲ್ಲಿ ಗಾಳಿ ಬರುವುದು ಅಷ್ಟಕ್ಕಷ್ಟೆ, ಪಕ್ಕದ ಮನೆಯ ಮಾತು ಮಾತ್ರ ಸರಾಗವಾಗಿ ಬರುತ್ತದೆ. ನಾಲ್ಕನೇ ರೂಮಿನಲ್ಲಿ ಮೆಣಸಿನಕಾಯಿ ಹುರಿದರೆ ಐದನೆಯವರು ಸೀನುತ್ತಾರೆ.

ಈ ಹತ್ತೂ ರೂಮಿಗೆ ಕೇಬಲ್ ಲೈನ್ ಇದೆ, ಬಾಡಿಗೆಯಲ್ಲೇ ಸೇರಿದೆ. ಆದರೆ ಸೆಟ್‌ಟಾಪ್ ಬಾಕ್ಸ್ ಒಂದೇ, ಅದು ನಮ್ಮ ಹಾಲಿನಲ್ಲಿದೆ. ಬಾಕ್ಸಿನಿಂದ ಹೊರಟ ವೈರು ಕಿಟಕಿಯಿಂದ ಆಚೆ ಹೋಗಿ, ಕವಲೊಡೆದು, ಎಲ್ಲ ರೂಮಿಗೂ ಹೋಗುತ್ತದೆ. ಹಾಗಾಗಿ ಅತ್ತೆ ಯಾವ ಚಾನೆಲ್ ಹಾಕುತ್ತಾರೋ ಹತ್ತು ಮನೆಯಲ್ಲೂ ಅದೇ ಚಾನೆಲ್. ಬಾಡಿಗೆಯವರ ಕೈಯಲ್ಲಿರುವುದು ಸೌಂಡು ಜಾಸ್ತಿ ಕಮ್ಮಿ ಮಾಡುವ ಅಧಿಕಾರ ಮಾತ್ರ. ಅತ್ತೆ ಬಾಕ್ಸ್ ಆಫ್ ಮಾಡಿದರೆ ಎಲ್ಲರ ಟಿವಿಯಲ್ಲೂ ಇರುವೆ ಮುತ್ತಿದ ಹಾಗೆ ಚುಕ್ಕಿ. ಹೊಸದಾಗಿ ಬಂದವರಿಗೆ ಈ ಏರ್ಪಾಡು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಅವರು ಬಾಯಿ ಬಿಟ್ಟುಕೊಂಡು ಕ್ರಿಕೆಟ್ ನೋಡುತ್ತಿರುವಾಗ ಕೊನೇ ಓವರಿನಲ್ಲಿ ಯಾರದೋ ಸೀಮಂತ ಶುರುವಾಗುತ್ತದೆ, ಅಲ್ಲಿಗೆ ಅರ್ಥವಾಗುತ್ತದೆ.

ಇದನ್ನು ದಬ್ಬಾಳಿಕೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಅತ್ತೆ ಅದನ್ನು ಧರ್ಮ ಅಂತ ತಿಳಿದಿದ್ದಾರೆ. ಅವರ ತವರು ಜಿಗಣಿ ಹತ್ತಿರದ ಹಳ್ಳಿ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ತಮ್ಮಂದಿರನ್ನು ನೋಡಿಕೊಳ್ಳಲು ಹಾಕಿದ್ದರು. ಊರಿಗೆಲ್ಲ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಕಂಕುಳಲ್ಲಿ ತಮ್ಮನನ್ನು ಹೊತ್ತುಕೊಂಡು ಆ ಮನೆಯ ಕಿಟಕಿ ಹಿಡಿದು ನೋಡುತ್ತಿದ್ದರಂತೆ. ಒಂದು ಭಾನುವಾರ ಆ ಮನೆಯಾಕೆ ಒಳಗಿಂದ ಕಿಟಕಿ ಬಾಗಿಲು ಎಳೆದುಬಿಟ್ಟಳು. ಇವರ ಬೆರಳು ಸಿಕ್ಕಿಹಾಕಿಕೊಂಡಿತು. ಆ ಬೆರಳಿನ ಉಗುರು ಇವತ್ತಿಗೂ ಸೊಟ್ಟಗಿದೆ. ರೂಮು ಕಟ್ಟಿಸಿದಾಗ ಕೇಬಲಿನವನಿಗೆ ಆ ಬೆರಳು ತೋರಿಸಿಯೇ ಅತ್ತೆ ಹೇಳಿದ್ದು: ನಮ್ಮ ವಟಾರದಲ್ಲಿ ಒಂದು ಮಗುವೂ ಇನ್ನೊಬ್ಬರ ಕಿಟಕಿ ಹಿಡಿದು ನಿಲ್ಲಬಾರದು, ಎಲ್ಲ ರೂಮಿಗೂ ಲೈನು ಎಳಿ.

ಎಳೆದ. ಸಂಜೆ ಆರೂವರೆಗೆ ನಮ್ಮ ವಟಾರಕ್ಕೆ ಧಾರಾವಾಹಿ ಹತ್ತುತ್ತದೆ, ಇಳಿಯುವುದು ಹತ್ತಕ್ಕೆ. ಗೇಟಿನಿಂದ ನಲ್ಲಿಯವರೆಗೆ ನಡೆದುಕೊಂಡು ಹೋದರೂ ಒಂದು ಡೈಲಾಗೂ ತಪ್ಪುವುದಿಲ್ಲ, ಒಂದು ಮನೆ ಬಿಟ್ಟ ಮಾತನ್ನು ಇನ್ನೊಂದು ಮನೆ ಎತ್ತಿಕೊಳ್ಳುತ್ತದೆ. ಜಾಹೀರಾತು ಬಂದರೆ ಹತ್ತು ಮನೆಯ ಹೆಂಗಸರೂ ಒಟ್ಟಿಗೆ ಕೊಡ ಹಿಡಿದು ನಲ್ಲಿಗೆ ಓಡಿ ಬರುತ್ತಾರೆ, ಜಾಹೀರಾತು ಮುಗಿದರೆ ಒಟ್ಟಿಗೆ ಮಾಯವಾಗುತ್ತಾರೆ. ಕಥೆಯಲ್ಲಿ ಯಾರಿಗಾದರೂ ಆಕ್ಸಿಡೆಂಟ್ ಆದ ದಿನ ಎಲ್ಲರ ಮನೆ ಹಾಲೂ ಉಕ್ಕುತ್ತದೆ. ಮಕ್ಕಳಂತೂ ಟಿವಿ ಕಡೆ ನೋಡುತ್ತಾ ಬಾಯಿ ತೆರೆಯುತ್ತವೆ, ಒಳಗೆ ಮುದ್ದೆ ಬಿತ್ತೋ ಅನ್ನ ಬಿತ್ತೋ ಅವಕ್ಕೆ ಗೊತ್ತಾಗುವುದಿಲ್ಲ. ಒಂದನೇ ಕ್ಲಾಸಿನಲ್ಲಿರುವ ನನ್ನ ಮಗ ಲಿಖಿತ್‌ನನ್ನು ಅವನ ಟೀಚರು ಹೋಮ್‌ವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿದರೆ, ಕೈಕಟ್ಟಿ ಪಕ್ಕಕ್ಕೆ ತಿರುಗಿ ನಿಂತು, ಸಮಯ ಬಂದಾಗ ಎಲ್ಲಾ ಗೊತ್ತಾಗುತ್ತೆ ಅಂದನಂತೆ. ಟೀಚರು ನನ್ನನ್ನು ಕರೆಸಿದರು. ನಾನು ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು, ಒಳ್ಳೆ ಜ್ಞಾಪಕಶಕ್ತಿ, ನಮ್ಮಪ್ಪನ ಹಾಗೆ ಅಂದರು.

ಜ್ಞಾಪಕಶಕ್ತಿ ಅಂದರೆ ನಿಜವಾಗಿ ಇದ್ದದ್ದು ನಾಲ್ಕನೇ ರೂಮಿನ ಶೈಲಶ್ರೀಗೆ. ಅವಳ ಅಪ್ಪ ಯಂಕಪ್ಪ ಜಿಗಣಿಯ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅಮ್ಮ ಹೊಳೆವ್ವ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಸ ಗುಡಿಸಿ ಒರೆಸುವ ಕೆಲಸ ಮಾಡುತ್ತಾಳೆ. ಸುರಪುರದ ಕಡೆಯವರು, ಬಂದು ಐದಾರು ವರ್ಷವಾಯಿತು. ಶೈಲಶ್ರೀ ಆಗ ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಅತ್ತೆಗೆ ಅವಳೆಂದರೆ ಪ್ರಾಣ. ಅದಕ್ಕೆ ಕಾರಣ ಇಷ್ಟೇ. ಅತ್ತೆ ಮದುವೆಗೋ ತಿಥಿಗೋ ಹೋಗಿ ಒಂದು ದಿನದ ಕಥೆ ತಪ್ಪಿಸಿಕೊಂಡರೆ, ಮಾರನೇ ದಿನ ಶೈಲಶ್ರೀಯನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಅವಳು ಕಥೆಯೊಳಗಿನ ಅತ್ತೆಯ ದನಿ ಬೇರೆ, ಸೊಸೆಯ ದನಿ ಬೇರೆ, ಡಾಕ್ಟರ ದನಿ ಬೇರೆ ಮಾಡಿ ಪೂರಾ ಆಡಿ ತೋರಿಸುತ್ತಿದ್ದಳು. ಮಧ್ಯದ ಮ್ಯೂಸಿಕ್ಕನ್ನೂ ಬಾಯಲ್ಲೇ ಹಾಕುತ್ತಿದ್ದಳು. ಟಿವಿಗಿಂತ ಇವಳದ್ದೇ ಚೆನ್ನ, ಜಾಹೀರಾತು ಇರಲ್ಲ ಅಂತ ಅತ್ತೆ ಹೇಳುತ್ತಿದ್ದರು.

ಹೋದ ವರ್ಷ ದಸರಾ ರಜೆಗೆ ಮುಂಚೆ ಅರ್ಧ ವರ್ಷದ ಪರೀಕ್ಷೆಯ ಮಾರ್ಕ್ಸ್ ಬಂತು. ಶೈಲಶ್ರೀ ವಿಜ್ಞಾನದಲ್ಲೂ ಸಮಾಜದಲ್ಲೂ ಫೇಲು. ಯಂಕಪ್ಪ ಹೆಚ್ಚು ಮಾತಿನವನಲ್ಲ. ಮಾರ್ಚ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಹುಡುಗಿಯನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸುತ್ತೇನೆ, ಸೋದರಮಾವ ಹೇಗೂ ಒಂದು ಗಂಡು ನೋಡಿಟ್ಟಿದ್ದಾನೆ ಅಂತ ಹೊಳೆವ್ವನಿಗೆ ಹೇಳಿ ಮುಗಿಸಿದ. ಕೂಗಾಡಲಿಲ್ಲ. ಅದಕ್ಕೇ ಹೊಳೆವ್ವನಿಗೆ ಹೆದರಿಕೆಯಾಯಿತು.

ರಜೆ ಕಳೆದು ಎರಡು ವಾರಕ್ಕೆ ಹೊಳೆವ್ವ ನಮ್ಮ ಬಾಗಿಲಿಗೆ ಬಂದಳು. ಪಾಪ, ಜಾಹೀರಾತು ಬರುವ ತನಕ ಹೊರಗೇ ನಿಂತಿದ್ದು ಆಮೇಲೆ ಮಾತೆತ್ತಿದಳು. ಸಂಜೆ ಏಳರಿಂದ ಒಂಬತ್ತರವರೆಗೆ ಬಾಕ್ಸ್ ಆಫ್ ಮಾಡಬೇಕು, ಮಾರ್ಚ್ ತನಕ ಸಾಕು ಅಂತ ಕೇಳಿದಳು. ಅತ್ತೆಗೆ ಮೊದಲು ಕಿವಿಯ ಮೇಲೆ ನಂಬಿಕೆಯೇ ಬರಲಿಲ್ಲ. ನಿಮ್ಮ ಮನೆ ಟಿವಿ ನೀವು ಆಫ್ ಮಾಡಿಕೊಳ್ಳಿ, ಯಾರು ಬೇಡ ಅಂತಾರೆ ಅಂದರು. ಹೊಳೆವ್ವ ತಮ್ಮ ಟಿವಿಗೆ ದಸರಾದಿಂದಲೇ ಸೀರೆ ಸುತ್ತಿಟ್ಟಿರುವುದಾಗಿ ಹೇಳಿದಳು.

"ನಮ್ದು ಬಂದ್ ಐತ್ರಿ ಅಮ್ಮಾರ. ಆದ್ರ ಆ ಕಡಿ ಮನಿದು, ಈ ಕಡಿ ಮನಿದು, ಎದುರಿಗಿಂದು ಎಲ್ಲಾ ಮ್ಯಾಲಿಂದ ಬಂದು ನಮ್ ಮನ್ಯಾಗ ಬೀಳ್ತೈತ್ರಿ. ಹುಡುಗಿ ಹ್ಯಾಂಗ ಓದಬೇಕ್ರಿ?"

ಅತ್ತೆಯ ಮುಖ ಕೆಂಪಾಯಿತು. ನಾನು ಹತ್ತಿರವೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ, ಈಗ ಸಿಡಿಯುತ್ತೆ ಅಂದುಕೊಂಡೆ, ಸಿಡಿಯಿತು. ತಾನು ಪುಣ್ಯಕ್ಕೆ ಅಂತ ಕೊಟ್ಟ ಲೈನು ಈಗ ಇವರಿಗೆ ಪಾಪವಾಯಿತಾ, ಒಬ್ಬಳು ಓದುವುದಕ್ಕೆ ಒಂಬತ್ತು ಮನೆ ಗೋಡೆ ನೋಡಿಕೊಂಡು ಕೂರಬೇಕಾ, ಇಷ್ಟ ಇಲ್ಲದಿದ್ದರೆ ಬೇರೆ ರೂಮು ನೋಡಿಕೊಳ್ಳಿ ಅಂತ ಒಂದೇ ಉಸಿರಿಗೆ ಹೇಳಿದರು. ಹೊಳೆವ್ವ ತಲೆ ತಗ್ಗಿಸಿ ಹೋದಳು. ಆಮೇಲೆ ನಾನು, ಕೇಳಿದ್ದರಲ್ಲಿ ತಪ್ಪೇನಿತ್ತು ಅತ್ತೆ ಅಂದೆ. ನಿನ್ನ ಬಾಯಿ ಮುಚ್ಚು ಅನ್ನುವ ಬದಲು ಅವರು ಟಿವಿ ಸೌಂಡು ಜಾಸ್ತಿ ಮಾಡಿದರು. ನನಗೂ ಸಿಟ್ಟು ಬಂತು, ಅವತ್ತು ಸಾರಿಗೆ ಉಪ್ಪು ಸ್ವಲ್ಪ ಮುಂದಾಯಿತು.

ಅದೇ ವಾರ ಅತ್ತೆ ಒಂದು ಬೀಗರೂಟಕ್ಕೆ ಹೋಗಿ ಕಥೆ ತಪ್ಪಿಸಿಕೊಂಡರು. ಹೊಳೆವ್ವನ ಮೇಲೆ ಎಷ್ಟೇ ಮುನಿಸಿದ್ದರೂ ಕಥೆಯ ಮೇಲೆ ಮುನಿಸಿರಲಿಲ್ಲ, ಶೈಲಶ್ರೀಯನ್ನು ಕರೆಸಿದರು. ಹುಡುಗಿ ಬಂದು ಎಂದಿನ ಹಾಗೆ ಎಲ್ಲ ದನಿಯಲ್ಲೂ ಆಡಿ ತೋರಿಸಿದಳು. ಮುಗಿದ ಮೇಲೆ ಅತ್ತೆಗೆ ಏನೋ ಹೊಳೆಯಿತು. ಮನೆಯಲ್ಲಿ ಟಿವಿಗೆ ಸೀರೆ ಸುತ್ತಿದೆ ಅಂದಮೇಲೆ ಇವಳು ನೋಡಿದ್ದು ಎಲ್ಲಿ ಅಂತ ಕೇಳಿದರು.

"ನೋಡಿಲ್ರಿ ಅಮ್ಮಾರ, ಕೇಳೀನಿ. ಟಿವಿ ಬಂದ್ ಮಾಡಬೌದು, ಕಿವಿ ಬಂದ್ ಮಾಡಾಕ ಬರಂಗಿಲ್ಲಲ್ರಿ" ಅಂದಳು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ತಾನು ಊರಿಗೆ ಹೋದ ಮೇಲೆ ಕಥೆ ಹೇಳಲು ಆರನೇ ರೂಮಿನ ಹುಡುಗಿಗೆ ಈಗಿನಿಂದಲೇ ಕಲಿಸಿಕೊಡುತ್ತೇನೆ, ಅವಳಿಗೂ ದನಿ ಮಾಡಲು ಬರುತ್ತೆ ಅಂದಳು. ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅತ್ತೆಗೆ ತೊಂದರೆಯಾಗಬಾರದು ಅಂತ ಹೇಳಿದ್ದು.

ಅವತ್ತು ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಹಾಗಂತ ಒಂದೇ ಏಟಿಗೆ ಬಗ್ಗುವ ಪೈಕಿಯೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಉಪಾಯ ಹುಡುಕಿದರು. ಮೊದಲ ಉಪಾಯ, ಏಳರಿಂದ ಒಂಬತ್ತರವರೆಗೆ ಎಲ್ಲರೂ ಸೌಂಡು ಕಮ್ಮಿ ಇಡಬೇಕು ಅನ್ನುವ ಕಟ್ಟಪ್ಪಣೆ. ತಾವೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಣಿಯಲ್ಲಿ ತನಿಖೆಗೆ ಹೊರಟರು. ಒಂದೊಂದು ಟಿವಿ ಸಣ್ಣಗೆ ಹಾಡಿದರೂ ಹತ್ತು ಸೇರಿ ಜೇನು ಎದ್ದ ಹಾಗೆ ಗುಂಯ್ ಅಂತಿತ್ತು. ಮೇಲಾಗಿ ಕೇಳಿಸದವರು ಒಬ್ಬರನ್ನೊಬ್ಬರು ಏನಂದಳು, ಏನಂದಳು ಅಂತ ಕೂಗಿ ಕೇಳಲು ಶುರುಮಾಡಿದರು.

ಎರಡನೇ ಉಪಾಯದ ಬಗ್ಗೆ ಅತ್ತೆಗೆ ಬಹಳ ಹೆಮ್ಮೆಯಿತ್ತು. ಬಾಕ್ಸ್ ಆಫ್ ಮಾಡಿದರೆ ತಾನೇ ಜಗಳ, ಯಾರೂ ನೋಡದಂಥ ಚಾನೆಲ್ ಹಾಕಿಬಿಟ್ಟರೆ ಅವರಾಗಿ ಅವರೇ ಟಿವಿ ಆಫ್ ಮಾಡಿಕೊಳ್ಳುತ್ತಾರೆ ಅಂದರು. ಹುಡುಕಿ ಹುಡುಕಿ ಒಂದು ಕೃಷಿ ಕಾರ್ಯಕ್ರಮ ಹಾಕಿದರು. ಒಬ್ಬ ವಿಜ್ಞಾನಿ ಕುರ್ಚಿಯಲ್ಲಿ ಕೂತು ತೊಗರಿಗೆ ಬರುವ ನೆಟೆ ರೋಗದ ಬಗ್ಗೆ ಮಾತಾಡುತ್ತಿದ್ದರು. ಗಿಡ ಬಾಡಿ ನಿಂತಲ್ಲೇ ಒಣಗುವ ರೋಗವಂತೆ. ಅತ್ತೆ ರಿಮೋಟು ಕೆಳಗಿಟ್ಟು, ಈಗ ನೋಡು ಅಂತ ನನಗೆ ಕಣ್ಣು ಹೊಡೆದರು.

ನೋಡಿದೆ. ನಮ್ಮ ವಟಾರದಲ್ಲಿ ಇರುವವರಲ್ಲಿ ಮುಕ್ಕಾಲುಪಾಲು ಯಾದಗಿರಿ, ರಾಯಚೂರು ಕಡೆಯವರು. ಗಾರೆ ಕೆಲಸ, ಫ್ಯಾಕ್ಟರಿ ಕೆಲಸ ಅಂತ ಬಂದಿದ್ದರೂ ಒಬ್ಬೊಬ್ಬರಿಗೂ ಊರಲ್ಲಿ ಎರಡೋ ಮೂರೋ ಎಕರೆ ತೊಗರಿಯೋ ಹತ್ತಿಯೋ ಇದ್ದೇ ಇದೆ. ಧಾರಾವಾಹಿ ಹೊತ್ತಿನಲ್ಲಿ ಗೇಟಿನ ಹೊರಗೆ ಮೊಬೈಲ್ ಉಜ್ಜುತ್ತಾ ನಿಲ್ಲುತ್ತಿದ್ದ ಗಂಡಸರೆಲ್ಲ ತೊಗರಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಒಳಗೆ ನುಗ್ಗಿದರು. ಸೌಂಡು ಏರಿತು. ಮೂರನೇ ರೂಮಿನ ಈಶಪ್ಪ ಬೀಜಕ್ಕೆ ಔಷಧಿ ಸವರುವುದನ್ನು ಶೀಟಿನ ಕೆಳಗಿನ ಸಂದಿನಿಂದಲೇ ಪಕ್ಕದ ರೂಮಿಗೆ ವಿವರಿಸಿದ. ಪಕ್ಕದವನು ಅದೆಲ್ಲ ಸುಳ್ಳು, ನಮ್ಮ ಹೊಲದಲ್ಲಿ ಹಾಕಿದ್ದೆ ಅಂತ ವಾದಕ್ಕೆ ನಿಂತ. ಅಷ್ಟರಲ್ಲಿ ಜಗಲಿಯ ಮೇಲೆ ಕೂತು ವರ್ಷಗಟ್ಟಲೆ ಟಿವಿ ಕಡೆ ತಿರುಗದ ನಮ್ಮ ಮಾವನೂ ಕುರ್ಚಿ ಎತ್ತಿಕೊಂಡು ಒಳಗೆ ಬಂದು, ರಾಗಿ ಬಗ್ಗೆ ಯಾವತ್ತು ಹೇಳ್ತಾರೆ ಅಂತ ಕೇಳಿದರು. ಧಾರಾವಾಹಿಗಿಂತ ಎರಡರಷ್ಟು ಗಲಾಟೆ. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು, ನಾನು ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೇ ಸಂಜೆ ಅತ್ತೆ ಯಾರಿಗೂ ಹೇಳದೆ ಏಳಕ್ಕೆ ಸರಿಯಾಗಿ ಬಾಕ್ಸ್ ಆಫ್ ಮಾಡಿದರು. ವೈರು ಕಿತ್ತುಹೋಯಿತು ಅಂತ ಹತ್ತು ಮನೆಯವರೂ ಓಣಿಗೆ ಬಂದರು. ಅತ್ತೆ ನಲ್ಲಿ ಕಟ್ಟೆಯ ಮೇಲೆ ನಿಂತು ವಿಷಯ ಹೇಳಿದರು. ಗಾರ್ಮೆಂಟ್ಸಿಗೆ ಹೋಗುವ ಏಳನೇ ರೂಮಿನ ಶೋಭಾರಾಣಿ ಸುಮ್ಮನೆ ಬಿಡುವವಳಲ್ಲ. ಇಡೀ ದಿನ ಮೆಷಿನ್ ತುಳಿದು ಬರುವವರಿಗೆ ಅದೊಂದೇ ಸುಖ, ಯಾರದೋ ಮಗಳು ಓದಲಿಲ್ಲ ಅಂದರೆ ನಾವು ಯಾಕೆ ಶಿಕ್ಷೆ ಅನುಭವಿಸಬೇಕು, ಕೇಬಲ್ ಬಾಡಿಗೆಯಲ್ಲಿ ಸೇರಿದೆ ಅಂತ ನೀವೇ ಹೇಳಿದ್ದಲ್ಲವಾ ಅಂತ ಕೇಳಿದಳು. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ಅತ್ತೆ ರೂಮು ಖಾಲಿ ಮಾಡು ಅನ್ನುತ್ತಿದ್ದರು. ಅವತ್ತು ಹಾಗೆ ಅನ್ನಲಿಲ್ಲ.

"ಮಾರ್ಚ್ ಗಂಟ ಕಣಮ್ಮ. ನಂಗೂ ಆ ಕತೆ ಬೇಕು, ನಿನಗಿಂತ ಜಾಸ್ತಿ ಬೇಕು. ಬೈಯಂಗಿದ್ರೆ ನನ್ನ ಬೈಯಿ, ಆ ಮಗೀಗೆ ಏನೂ ಅನ್ಬ್ಯಾಡ" ಅಂದರು.

ಶೋಭಾರಾಣಿ ಕೊಡ ಎತ್ತಿಕೊಂಡು ಗೊಣಗುತ್ತಾ ಹೋದಳು. ಮೊಬೈಲಿನಲ್ಲಿ ನೋಡುತ್ತೇವೆ ಬಿಡಿ ಅಂತ ಕೆಲವರು ಅಂದರು, ಆದರೆ ಮೊಬೈಲು ಗಂಡಂದಿರ ಕೈಯಲ್ಲಿತ್ತು.

ಆ ಮೊದಲ ಸಂಜೆ ನಮ್ಮ ವಟಾರ ಸೂತಕದ ಮನೆಯ ಹಾಗಿತ್ತು. ಹೊಸೂರು ರೋಡಿನ ಲಾರಿಗಳು ಇಷ್ಟು ಸದ್ದು ಮಾಡುತ್ತವೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಮಕ್ಕಳಿಗೆ ಊಟ ಮಾಡಿಸಲು ಹೋದರೆ ತಟ್ಟೆಯ ಕಡೆ ನೋಡಿ, ಇದು ಯಾವ ಪಲ್ಯ ಅಂತ ಕೇಳಿದವು. ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವರು ಅತ್ತೆ. ರಿಮೋಟು ಕೈಯಲ್ಲಿ ಹಿಡಿದು ಒಂದೊಂದೇ ಬಟನ್ ಒತ್ತುತ್ತಾ ಆಫ್ ಮಾಡಿದ ಟಿವಿಯ ಕಪ್ಪು ಪರದೆಯ ಮುಂದೆ ಕೂತಿದ್ದರು. ಸಿಟ್ಟು ಬಂದು ಲಿಖಿತನಿಗೆ ಬೈದರು, ಮಾವನಿಗೆ ಬೈದರು, ಕೊನೆಗೆ ಗೋಡೆಯ ಮೇಲಿನ ಹಲ್ಲಿಗೂ ಬೈದರು. ನನಗೆ ಅಯ್ಯೋ ಅನ್ನಿಸಿತು. ನಾಲ್ಕು ದಿನ ಹೀಗೇ ಹೋದರೆ ಐದನೇ ದಿನ ಬಾಕ್ಸ್ ಆನ್ ಆಗುತ್ತೆ, ಹುಡುಗಿ ಊರಿಗೆ ಹೋಗುತ್ತಾಳೆ ಅಂತ ಒಳಗೊಳಗೇ ಹೆದರಿದೆ.

ಹಾಗಾಗಲಿಲ್ಲ. ತಮ್ಮ ರೂಮಿನಲ್ಲಿ ಜಾಗ ಸಾಲದೆ ಶೈಲಶ್ರೀ ಮಾರನೇ ಸಂಜೆಯಿಂದ ನಮ್ಮ ಹಾಲಿಗೇ ಬಂದು ಓದಲು ಕೂರುತ್ತಿದ್ದಳು. ಮನಸ್ಸಿನಲ್ಲೇ ಓದುತ್ತಿದ್ದಳು. ಅತ್ತೆಗೆ ಆ ಮೌನ ಸಹಿಸಲಾಗಲಿಲ್ಲ. ಬಾಯಿ ಬಿಟ್ಟು ಓದು, ಏನಾದರೂ ಒಂದು ಕಿವಿಗೆ ಬೀಳಲಿ ಅಂದರು. ಅವತ್ತು ಅವಳ ಕೈಯಲ್ಲಿದ್ದದ್ದು ಸಮಾಜದ ಪುಸ್ತಕ. ಕರ್ನಾಟಕದಲ್ಲಿ ಯಾರು ಯಾರು ಬ್ರಿಟಿಷರ ಮೇಲೆ ತಿರುಗಿಬಿದ್ದರು ಅನ್ನುವ ಪಾಠ. ಕಿತ್ತೂರಿನ ರಾಣಿಯ ಭಾಗ ಬಂತು. ಗಂಡ ಸತ್ತು, ಮಗ ಸತ್ತು, ದತ್ತು ತೆಗೆದುಕೊಂಡ ಮಗನನ್ನು ಬ್ರಿಟಿಷರು ಒಪ್ಪಲಿಲ್ಲ ಅನ್ನುವಲ್ಲಿಗೆ ಅತ್ತೆ ನೆಟ್ಟಗೆ ಕೂತರು. ದತ್ತುಮಗ ಅಂದರೆ ಅವರ ಧಾರಾವಾಹಿಗಳಲ್ಲೆಲ್ಲ ಅರ್ಧ ಕಥೆ ಅದೇ. ಓದುತ್ತಾ ಓದುತ್ತಾ ಶೈಲಶ್ರೀಗೂ ಹಳೇ ಚಾಳಿ ಬಂತು, ರಾಣಿಗೊಂದು ದನಿ, ಬ್ರಿಟಿಷ್ ದೊರೆಗೊಂದು ದನಿ ಹಾಕಿದಳು. ಒಂಬತ್ತಾಯಿತು, ಹೊಳೆವ್ವ ಊಟಕ್ಕೆ ಕರೆದಳು. ಅತ್ತೆ ಬಾಗಿಲವರೆಗೆ ಹಿಂದೆ ಹೋಗಿ, ಮುಂದೆ ಏನಾಗ್ತದೆ ಅದೊಂದು ಹೇಳಿ ಹೋಗು ಅಂದರು.

ನಾಳೆ ಅಂದಳು ಹುಡುಗಿ. ಧಾರಾವಾಹಿ ಕೇಳಿ ಕಲಿತವಳು.

ಅಲ್ಲಿಂದ ಶುರುವಾಯಿತು. ಪ್ರತಿ ಸಂಜೆ ಅತ್ತೆ ಮೊದಲು ಕೇಳುತ್ತಿದ್ದದ್ದು, ನಿನ್ನೆ ಎಲ್ಲಿಗೆ ನಿಂತಿತ್ತು ಅಂತ. ಶೈಲಶ್ರೀ ಪುಸ್ತಕ ಮುಚ್ಚಿ ಹಿಂದಿನ ದಿನದ್ದೆಲ್ಲ ಹೇಳಬೇಕು. ಒಂದು ಹೆಸರು ತಪ್ಪಿದರೂ ಅತ್ತೆ ಹಿಡಿಯುತ್ತಿದ್ದರು. ಎಷ್ಟು ಧಾರಾವಾಹಿಯ ಎಷ್ಟು ನಾದಿನಿಯರ ಹೆಸರು ನೆನಪಿಟ್ಟುಕೊಂಡ ತಲೆ ಅದು, ನಾಲ್ಕು ಮೈಸೂರು ಯುದ್ಧ ಅದಕ್ಕೆ ಯಾವ ಲೆಕ್ಕ. ರಾಯಣ್ಣನನ್ನು ನಮ್ಮವರೇ ಹಿಡಿದುಕೊಟ್ಟರು ಅಂದ ದಿನ ಅತ್ತೆ ಕಣ್ಣೊರೆಸಿಕೊಂಡು, ಹಿಡಿದುಕೊಟ್ಟವರ ವಂಶಕ್ಕೆಲ್ಲ ಶಾಪ ಹಾಕಿದರು. ಅಷ್ಟರಲ್ಲಿ ನಮ್ಮ ಹಾಲಿನ ಬಾಗಿಲಲ್ಲಿ ಇನ್ನೂ ನಾಲ್ಕು ಹೆಂಗಸರು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ಕೂರುತ್ತಿದ್ದರು. ಶೋಭಾರಾಣಿ ಬರುವುದಿಲ್ಲ ಅಂತ ಹಟ ಹಿಡಿದಿದ್ದಳು, ಆದರೆ ರಾಯಣ್ಣ ಏನಾದ ಅಂತ ಮಾರನೇ ದಿನ ನಲ್ಲಿಯ ಹತ್ತಿರ ಮೆಲ್ಲಗೆ ಕೇಳಿದಳು, ಅದರ ಮಾರನೇ ದಿನ ತಾನೂ ಮೊರ ತಂದಳು.

ವಿಜ್ಞಾನದಲ್ಲಿ ಕಥೆ ಸಿಗುವುದಿಲ್ಲ, ಅಲ್ಲಿ ಕೈ ಕೊಡುತ್ತೆ ಅಂತ ನಾನು ಅಂದುಕೊಂಡಿದ್ದೆ. ಶೈಲಶ್ರೀ ಅದಕ್ಕೂ ದಾರಿ ಮಾಡಿದಳು. ಆಮ್ಲ ಅಂದರೆ ಅತ್ತೆ, ಪ್ರತ್ಯಾಮ್ಲ ಅಂದರೆ ಸೊಸೆ, ಇಬ್ಬರೂ ಬೇರೆ ಬೇರೆ ಇದ್ದಾಗ ಸುಡುತ್ತಾರೆ, ಸರಿಯಾದ ಅಳತೆಯಲ್ಲಿ ಸೇರಿದರೆ ಇಬ್ಬರ ಉರಿಯೂ ಹೋಗಿ ಉಪ್ಪು ಮತ್ತು ನೀರು ಉಳಿಯುತ್ತೆ ಅಂದಳು. ಅತ್ತೆ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಬಾಗಿಲಲ್ಲಿ ಕೂತಿದ್ದವರೆಲ್ಲ ಮೊರದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಒಂದು ಸಂಜೆ ಮಾತ್ರ ಯಾರೂ ನಗಲಿಲ್ಲ. ಅವತ್ತು ಸುರಪುರದ ನಾಯಕರು ಬ್ರಿಟಿಷರ ವಿರುದ್ಧ ಎದ್ದ ಭಾಗ. ಶೈಲಶ್ರೀ ಪುಸ್ತಕ ಮುಚ್ಚಿಟ್ಟು, ಎದ್ದು ನಿಂತು ಹೇಳುತ್ತಿದ್ದಳು. ಯಂಕಪ್ಪ ಫ್ಯಾಕ್ಟರಿಯಿಂದ ಬಂದವನು ಮಗಳನ್ನು ಕರೆಯಲೆಂದು ನಮ್ಮ ಬಾಗಿಲಿಗೆ ಬಂದ. ಮೈ ಕೈ ತಲೆಯೆಲ್ಲ ಕಲ್ಲಿನ ಪುಡಿ ಮೆತ್ತಿ ಬೆಳ್ಳಗಿದ್ದ. ಕರೆಯಲಿಲ್ಲ. ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಪೂರಾ ಕೇಳಿದ. ಮುಗಿದ ಮೇಲೆ ಒಳಗೆ ಬಂದು, ಇದೆಲ್ಲ ನೀನಾಗಿ ಹೇಳಿದೆಯೋ ಪುಸ್ತಕದಲ್ಲಿ ಇದೆಯೋ ಅಂತ ಮಗಳನ್ನು ಕೇಳಿದ. ಅವಳು ಪುಟ ತೆಗೆದು ತೋರಿಸಿದಳು. ಅವನಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಸುರಪುರ ಅನ್ನುವ ಅಕ್ಷರಗಳ ಮೇಲೆ ಬೆರಳಿಟ್ಟು, ಅಷ್ಟನ್ನು ಕೂಡಿಸಿ ಕೂಡಿಸಿ ಓದಿದ.

"ನಮ್ಮೂರ ಹೆಸರು ಇಲ್ಲಿ ಶಾಲಿ ಪುಸ್ತಕದಾಗೂ ಐತೇನ?" ಅಂದ. ಮಾರನೇ ದಿನದಿಂದ ಮಗಳನ್ನು ಕರೆಯಲು ಅವನೇ ಬರುತ್ತಿದ್ದ, ಅದೂ ಬೇಗನೇ ಬಂದು ಹೊಸಿಲ ಹೊರಗೆ ಕೂತಿರುತ್ತಿದ್ದ.

ಮಾರ್ಚ್ ಕೊನೆಗೆ ಪರೀಕ್ಷೆ ಶುರುವಾಯಿತು. ಸಮಾಜದ ಪರೀಕ್ಷೆ ಮುಗಿಸಿ ಬಂದ ಹುಡುಗಿಯನ್ನು ಅತ್ತೆ ಗೇಟಿನಲ್ಲೇ ತಡೆದು, ರಾಯಣ್ಣ ಬಂದಿದ್ನಾ ಅಂತ ಕೇಳಿದರು. ಬಂದಿರಲಿಲ್ಲ. ಪ್ರಶ್ನೆ ಪತ್ರಿಕೆ ಮಾಡಿದವರಿಗೆ ಬುದ್ಧಿ ಇಲ್ಲ ಅಂತ ಅತ್ತೆ ಸಂಜೆಯವರೆಗೂ ಗೊಣಗಿದರು.

ಪರೀಕ್ಷೆ ಮುಗಿದ ಸಂಜೆಯೇ ಮಾತಿಗೆ ತಪ್ಪದೆ ಏಳಕ್ಕೆ ಬಾಕ್ಸ್ ಆನ್ ಮಾಡಿದರು. ಹತ್ತು ಮನೆಯಲ್ಲೂ ಒಟ್ಟಿಗೆ ಟಿವಿ ಹೊತ್ತಿತು. ಅತ್ತೆ ಆಸೆಯಿಂದ ಕಾಲು ಮಡಚಿ ಕೂತರು. ಚಳಿಗಾಲಕ್ಕೆ ಮುಂಚೆ ನೋಡಿದ್ದಾಗ ಏಳು ಗಂಟೆಯ ಕಥೆಯ ನಾಯಕಿ ಕೈಯಲ್ಲೊಂದು ಆಸ್ತಿ ಪತ್ರ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. 'ನಿಜ ಹೇಳಲೋ ಬೇಡವೋ' ಅಂತ ಯೋಚಿಸುತ್ತಿದ್ದಳು. ಈಗಲೂ ಅದೇ ಮೆಟ್ಟಿಲ ಮೇಲೆ ನಿಂತಿದ್ದಳು, ಸೀರೆ ಮಾತ್ರ ಬೇರೆ. ಅತ್ತೆ ರಿಮೋಟನ್ನು ಅವಳ ಕಡೆ ಚಾಚಿ, ಇಷ್ಟರಲ್ಲಿ ನಾವು ಟಿಪ್ಪು ಕಾಲದಿಂದ ಸ್ವಾತಂತ್ರ್ಯದ ತನಕ ಬಂದ್ವಿ, ಇವಳು ಇನ್ನೂ ಕೆಳಗೇ ಇಳಿದಿಲ್ಲ ಅಂದರು. ಆದರೂ ಪೂರಾ ನೋಡಿದರು, ಅದು ಬೇರೆ ಮಾತು.

ಮೇ ತಿಂಗಳಲ್ಲಿ ರಿಸಲ್ಟ್ ಬಂತು. ನನ್ನ ಮೊಬೈಲಿನಲ್ಲಿ ನೋಡುವುದು ಅಂತಾಗಿತ್ತು. ಹೊಳೆವ್ವ ರಜೆ ಹಾಕಿದ್ದಳು. ಯಂಕಪ್ಪ ಗೋಡೆಗೆ ಒರಗಿ ನಿಂತಿದ್ದ. ಶೈಲಶ್ರೀ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಳು, ಅಲ್ಲಿಂದ ಅವಳ ಕಾಲಿನ ಬೆರಳು ಮಾತ್ರ ಕಾಣುತ್ತಿತ್ತು. ನಂಬರ್ ಹಾಕಿ ಕಾದರೆ ಅದು ಸುತ್ತುತ್ತಲೇ ಇತ್ತು. ಇನ್ನೊಂದು ಸಲ ಹಾಕಿದೆ, ಕೊನೆಗೂ ತೆರೆಯಿತು. ಪಾಸು ಅಂದೆ, ಫಸ್ಟ್ ಕ್ಲಾಸು ಅಂದೆ. ಹೊಳೆವ್ವ ಕೂತಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಂಕಪ್ಪ ಅತ್ತೆಯ ಹತ್ತಿರ ಬಂದು, ಕಾಲು ಮುಟ್ಟಲು ಹೋದವನು ಅವರು ಹಿಂದೆ ಸರಿದದ್ದರಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಕಾಲೇಜಿಗೆ ಹಚ್ತೀನ್ರಿ ಅಮ್ಮಾರ. ಅಕಿ ಮಾವಗ ಫೋನ್ ಮಾಡಿ ಹೇಳ್ತೀನಿ, ಗಂಡು ಪಂಡು ಈಗ ಬ್ಯಾಡಂತ" ಅಂದ.

ಅತ್ತೆ ನನ್ನ ಕಡೆ ತಿರುಗಿ, ಸಮಾಜದಲ್ಲಿ ಎಷ್ಟು ಅಂತ ಕೇಳಿದರು. ಎಂಬತ್ತೊಂದು ಅಂದೆ. ಮಿಕ್ಕ ಎಲ್ಲಕ್ಕಿಂತ ಅದೇ ಜಾಸ್ತಿ ಇತ್ತು. ಇನ್ನೊಂದು ಸಲ ಹೇಳು ಅಂದರು, ಇನ್ನೊಂದು ಸಲ ಹೇಳಿದೆ. ಎದ್ದು ಸೀರೆ ಸರಿಮಾಡಿಕೊಂಡು ಹೊರಗೆ ಹೋದರು.

ನಾನು ಹಿಂದೆಯೇ ಹೋದೆ. ನಲ್ಲಿಯ ಹತ್ತಿರ ಐದಾರು ಹೆಂಗಸರು ನೀರು ಹಿಡಿಯುತ್ತಿದ್ದರು, ಶೋಭಾರಾಣಿಯೂ ಇದ್ದಳು. ಮೂರನೇ ಕ್ಲಾಸಿಗೆ ಸ್ಲೇಟು ಕಳೆದುಕೊಂಡು ಕಂಕುಳಲ್ಲಿ ಕೂಸು ಹೊತ್ತಿದ್ದ ನಮ್ಮತ್ತೆ ಅವರ ನಡುವೆ ಹೋಗಿ ನಿಂತರು.

"ಎಸ್ಸೆಸ್ಸೆಲ್ಸಿ ರಿಸಲ್ಟು ಬಂತು. ಸಮಾಜದಾಗೆ ನಂಗೆ ಎಂಬತ್ತೊಂದು" ಅಂದರು.

ಈ ಮನೆಗೆ ಬಂದ ಎಂಟು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಯಾರಾದರೂ ನಕ್ಕರೆ ಅವರ ಜುಟ್ಟು ಹಿಡಿಯಬೇಕು ಅಂತ ಕಾದು ನಿಂತೆ. ಯಾರೂ ನಗಲಿಲ್ಲ. ಶೋಭಾರಾಣಿ ಕೊಡ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅತ್ತೆಯ ಕೈ ಕುಲುಕಿ, ಒಳ್ಳೆ ಮಾರ್ಕ್ಸೇ ಬಿಡಿ ಅಮ್ಮಾ ಅಂದಳು.